ಮಗುವಿನ ಹೆಸರಿನ ಸೈಟು, ಅಪ್ಪನ ಮರೆವು: ಕರಾರು ಮಾಡಲು ಯಾರಿಗೆ ಅರ್ಹತೆ ಇದೆ?

ಮಗುವಿನ ಹೆಸರಿಗೆ ಸೈಟು ತೆಗೆದುಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ಮುಂದೆ ಓದಿಗೋ ಮದುವೆಗೋ ಆಗಲಿ ಅಂತ ಅಪ್ಪ ಅಮ್ಮ ದುಡ್ಡು ಕೂಡಿಸಿ ಒಂದು ಮೂವತ್ತು ನಲವತ್ತರ ಸೈಟು ಮಾಡುತ್ತಾರೆ. ಕ್ರಯಪತ್ರದಲ್ಲಿ ಮಗುವಿನ ಹೆಸರಿರುತ್ತದೆ, ಜೊತೆಗೆ ಮೈನರ್ ಗಾರ್ಡಿಯನ್ ಅಂತ ತಂದೆಯ ಹೆಸರಿರುತ್ತದೆ. ಕೆಲವು ವರ್ಷ ಕಳೆದು ದುಡ್ಡಿನ ತಾಪತ್ರಯ ಬಂದಾಗ ಅದನ್ನು ಮಾರಲು ಹೊರಟರೆ, ಕೋರ್ಟಿನ ಅನುಮತಿ ತನ್ನಿ ಅಂತಾರೆ ವಕೀಲರು. ದುಡ್ಡು ಕೊಟ್ಟವನು ನಾನು, ಮಗು ನನ್ನದು, ಆದರೂ ಯಾಕೆ ಆಗಲ್ಲ ಅನ್ನೋದು ಅಪ್ಪನ ಪ್ರಶ್ನೆ.

ಇನ್ನೊಂದು ಮನೆಯಲ್ಲಿ ಅಪ್ಪನಿಗೇ ಮರೆವಿನ ಕಾಯಿಲೆ. ಬ್ಯಾಂಕಿನಲ್ಲಿರುವ ಠೇವಣಿ ಅವರ ಹೆಸರಲ್ಲಿದೆ, ಮನೆಯೂ ಅವರದ್ದೇ. ಆಸ್ಪತ್ರೆಗೆ ದುಡ್ಡು ಬೇಕು. ಎರಡು ವರ್ಷದ ಹಿಂದೆ ಜಿಪಿಎ (ಅವರ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರಪತ್ರ) ಬರೆಸಿಕೊಂಡಿದ್ದೇವಲ್ಲ, ಅದರಲ್ಲೇ ಎಲ್ಲ ಮಾಡಬಹುದು ಅಂತ ಮಕ್ಕಳು ನಂಬಿರುತ್ತಾರೆ. ಆ ನಂಬಿಕೆ ಸರಿಯಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎರಡೂ ಮನೆಯ ತೊಂದರೆಯ ಬೇರು ಒಂದೇ ಕಡೆ ಇದೆ. ಅದು 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಂ. ಕರಾರು ಮಾಡುವವರು ಪ್ರಾಯಕ್ಕೆ ಬಂದಿರಬೇಕು, ಬುದ್ಧಿ ಸ್ವಾಧೀನದಲ್ಲಿರಬೇಕು, ಬೇರೆ ಯಾವ ಕಾನೂನೂ ಅವರನ್ನು ತಡೆದಿರಬಾರದು. ಮೂರನೆಯದು ದಿವಾಳಿಯಾದವರು, ಶತ್ರುದೇಶದ ಪ್ರಜೆಗಳು ಇಂಥವರಿಗೆ ಸಂಬಂಧಿಸಿದ್ದು. ಮನೆಮನೆಗೆ ಬೇಕಾಗುವುದು ಮೊದಲ ಎರಡು. ಇವೆರಡನ್ನೂ ಜನ ಒಂದೇ ಥರ ಅಂದುಕೊಳ್ಳುತ್ತಾರೆ. ಆದರೆ ಕಾನೂನು ಇವನ್ನು ನೋಡುವ ಬಗೆ ಪೂರ್ತಿ ಬೇರೆ. ಮೈನರ್ ವಿಷಯದಲ್ಲಿ ಅದು ಕೇಳುವುದು ವಯಸ್ಸು ಮಾತ್ರ. ದೊಡ್ಡವರ ವಿಷಯದಲ್ಲಿ ಕೇಳುವುದು, ಆ ಹೊತ್ತಿನಲ್ಲಿ ಅವರಿಗೆ ಅರ್ಥವಾಗಿತ್ತಾ ಅಂತ.

ವಯಸ್ಸಿನಿಂದ ಶುರು ಮಾಡೋಣ. 1875ರ ಪ್ರಾಪ್ತ ವಯಸ್ಸಿನ ಕಾಯ್ದೆ ಪ್ರಕಾರ 18 ತುಂಬಿದರೆ ಮೇಜರ್. ಮೊದಲು ಇದಕ್ಕೊಂದು ವಿನಾಯಿತಿ ಇತ್ತು. ಕೋರ್ಟು ಗಾರ್ಡಿಯನ್ ನೇಮಿಸಿದ್ದರೆ 21 ತುಂಬಬೇಕಿತ್ತು. 1999ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗ ಎಲ್ಲರಿಗೂ 18. ಹದಿನೇಳೂವರೆ ವರ್ಷದ ಹುಡುಗಿ ಎಷ್ಟೇ ಚುರುಕಾಗಿರಲಿ, ಸ್ವಂತ ಅಂಗಡಿಯನ್ನೇ ನಡೆಸುತ್ತಿರಲಿ, ಕರಾರಿನ ಮಟ್ಟಿಗೆ ಅವಳು ಮೈನರ್.

ಆ 21ರ ನಿಯಮದಿಂದಲೇ ನಮ್ಮ ದೇಶದ ಅತಿ ಮುಖ್ಯ ತೀರ್ಪೊಂದು ಹುಟ್ಟಿತು. 1895ರಲ್ಲಿ ಕಲ್ಕತ್ತದ ಧರ್ಮೋದಾಸ್ ಘೋಷ್ ಅನ್ನುವ ಯುವಕ ತನ್ನ ಮನೆಗಳನ್ನು ಬ್ರಹ್ಮೋ ದತ್ತ ಅನ್ನುವ ಲೇವಾದೇವಿದಾರನಿಗೆ ಅಡಮಾನ ಇಟ್ಟ. ಪತ್ರದಲ್ಲಿ ಬರೆದ ಸಾಲ 20,000 ರೂಪಾಯಿ, ಬಡ್ಡಿ ಶೇಕಡಾ 12. ಆತನ ತಾಯಿಯನ್ನು ಹೈಕೋರ್ಟು ಗಾರ್ಡಿಯನ್ ಆಗಿ ನೇಮಿಸಿತ್ತು. ಹಾಗಾಗಿ ಅವನಿಗೆ 21 ತುಂಬಬೇಕಿತ್ತು. ಪತ್ರ ಆಗುವುದಕ್ಕೆ ಕೆಲವೇ ದಿನ ಮೊದಲು ತಾಯಿಯ ವಕೀಲರು ಸಾಲ ಕೊಡುವವನ ಏಜೆಂಟನಿಗೆ ಕಾಗದ ಬರೆದರು. ಹುಡುಗ ಇನ್ನೂ ಮೈನರ್, ದುಡ್ಡು ಕೊಟ್ಟರೆ ಅದರ ಹೊಣೆ ನಿಮ್ಮದೇ ಅಂತ ಎಚ್ಚರಿಸಿದರು. ಏಜೆಂಟ್ ನಿಲ್ಲಿಸಲಿಲ್ಲ. ತಾನು ಪ್ರಾಯಕ್ಕೆ ಬಂದಿದ್ದೇನೆ ಅಂತ ಹುಡುಗನಿಂದಲೇ ಒಂದು ಹೇಳಿಕೆ ಬರೆಸಿಕೊಂಡು ಅಡಮಾನ ಮುಗಿಸಿದ.

ಆಮೇಲೆ ತಾಯಿ ಮಗನ ಪರವಾಗಿ ದಾವೆ ಹೂಡಿದರು. ಕೇಸು ಆಗ ನಮ್ಮ ದೇಶಕ್ಕೆ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಅಷ್ಟರಲ್ಲಿ ಬ್ರಹ್ಮೋ ದತ್ತ ತೀರಿಕೊಂಡಿದ್ದರಿಂದ ಅವನ ಹೆಂಡತಿ ಮೊಹೋರಿ ಬೀಬಿ ಮುಂದುವರಿಸಿದರು. 1903ರಲ್ಲಿ ಬಂದ ತೀರ್ಪು ಇಂದಿಗೂ ಅವರ ಹೆಸರಿನಲ್ಲೇ ಇದೆ. ಅದಕ್ಕೂ ಮುಂಚೆ ನಮ್ಮ ಹೈಕೋರ್ಟುಗಳು, ಮೈನರ್ ಬೇಕಾದರೆ ಕರಾರನ್ನು ರದ್ದು ಮಾಡಿಕೊಳ್ಳಬಹುದು, ಬೇಡವಾದರೆ ಉಳಿಸಿಕೊಳ್ಳಬಹುದು ಅನ್ನುವ ಕಡೆಗೆ ವಾಲಿದ್ದವು. ಪ್ರಿವಿ ಕೌನ್ಸಿಲ್ ಹಾಗಲ್ಲ ಅಂದಿತು. ಮೈನರ್ ಮಾಡಿದ ಕರಾರು ಮೊದಲಿನಿಂದಲೇ ಅನೂರ್ಜಿತ, ಅಂದರೆ ಕಾನೂನಿನ ಕಣ್ಣಿಗೆ ಅದು ಹುಟ್ಟೇ ಇಲ್ಲ. ಕೊಟ್ಟ ದುಡ್ಡನ್ನಾದರೂ ವಾಪಸ್ ಕೊಡಿಸಿ ಅನ್ನುವ ವಾದವೂ ನಿಲ್ಲಲಿಲ್ಲ. ಮೈನರ್ ಅಂತ ಗೊತ್ತಿದ್ದೇ ದುಡ್ಡು ಕೊಟ್ಟವನಿಗೆ ಕೋರ್ಟಿನ ಸಹಾಯ ಸಿಗಲಿಲ್ಲ.

ಈ ಒಂದು ಮಾತಿನಿಂದ ಎಷ್ಟೋ ಸಂಗತಿ ಹೊರಡುತ್ತವೆ. ಕರಾರೇ ಇಲ್ಲ ಅಂದಮೇಲೆ, ಮೇಜರ್ ಆದ ಮೇಲೆ ಅದಕ್ಕೆ ಒಪ್ಪಿಗೆ ಕೊಟ್ಟು ಜೀವ ತುಂಬಲೂ ಆಗಲ್ಲ. ಹದಿನೇಳರಲ್ಲಿ ಬರೆದುಕೊಟ್ಟ ಸಾಲದ ಪತ್ರಕ್ಕೆ ಹತ್ತೊಂಬತ್ತರಲ್ಲಿ 'ಹೌದು, ತೀರಿಸುತ್ತೇನೆ' ಅಂತ ಸಹಿ ಹಾಕಿಸಿಕೊಂಡರೆ ಪ್ರಯೋಜನವಿಲ್ಲ. ಹೊಸದಾಗಿ ದುಡ್ಡು ಕೊಟ್ಟು ಹೊಸ ಕರಾರು ಮಾಡಿಕೊಂಡರೆ ಅದು ಬೇರೆ ಮಾತು.

ವಯಸ್ಸಿನ ಬಗ್ಗೆ ಸುಳ್ಳು ಹೇಳಿದ್ದರೆ? ಆಗಲೂ ಮೈನರ್ ಮೈನರೇ. 'ನೀನೇ ಹದಿನೆಂಟು ಅಂದಿದ್ದೆಯಲ್ಲ, ಈಗ ಬದಲಾಯಿಸುವ ಹಾಗಿಲ್ಲ' ಅನ್ನುವ ವಾದ ಮೈನರ್ ಮೇಲೆ ನಡೆಯುವುದಿಲ್ಲ. ಮೊಬೈಲಿನಲ್ಲಿ 'ನನಗೆ 18 ತುಂಬಿದೆ' ಅನ್ನುವ ಚೌಕಕ್ಕೆ ಟಿಕ್ ಹಾಕಿ ಸಾಲ ತೆಗೆದುಕೊಂಡರೂ ಅಷ್ಟೇ. ಆ ಟಿಕ್ ನಂಬಿಕೊಂಡು ಸಾಲದ ಆ್ಯಪ್‌ನವರು ಮೈನರ್ ಮೇಲೆ ಕರಾರು ಜಾರಿ ಮಾಡಿಸಲು ಆಗಲ್ಲ. ವಸೂಲಿಯವರು ಫೋನ್ ಮಾಡಿ ಹೆದರಿಸಿದಾಗ ಇದು ಗೊತ್ತಿಲ್ಲದೆ ಮನೆಯವರು ಸುಮ್ನೆ ದುಡ್ಡು ಕಟ್ಟಿಬಿಡುತ್ತಾರೆ. ಅಪ್ಪ ಅಮ್ಮ ಸಾಲಕ್ಕೆ ತಾವೇ ಸಹಿ ಹಾಕಿರದಿದ್ದರೆ, ಮಗುವಿನ ಕರಾರಿಗೆ ಅವರೂ ಹೊಣೆಯಲ್ಲ. ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ತಂದೆ ಅಥವಾ ತಾಯಿಯನ್ನು ಜಂಟಿ ಸಾಲಗಾರರನ್ನಾಗಿ ಸೇರಿಸಿಕೊಳ್ಳುವುದರ ಹಿಂದೆ ಈ ಕಾರಣವೂ ಇದೆ.

ಹಾಗಂತ ಮೋಸ ಮಾಡಿ ದಕ್ಕಿಸಿಕೊಳ್ಳಲು ಕಾನೂನು ಬಿಟ್ಟಿಲ್ಲ. 1928ರಲ್ಲಿ ಲಾಹೋರ್ ಹೈಕೋರ್ಟಿಗೆ ಒಂದು ಕೇಸು ಬಂತು. ವಯಸ್ಸು ಮುಚ್ಚಿಟ್ಟು ಜಮೀನು ಮಾರುವ ಕರಾರು ಮಾಡಿ, ದುಡ್ಡು ತೆಗೆದುಕೊಂಡು, ಆಮೇಲೆ ಜಮೀನು ಬಿಟ್ಟುಕೊಡದ ಮೈನರ್ ದುಡ್ಡು ವಾಪಸ್ ಕೊಡಬೇಕು ಅಂತ ಅಲ್ಲಿನ ಪೂರ್ಣಪೀಠ ಹೇಳಿತು. 1937ರಲ್ಲಿ ಅಲಹಾಬಾದ್ ಹೈಕೋರ್ಟಿನ ಪೂರ್ಣಪೀಠ ಇದಕ್ಕೆ ಒಪ್ಪಲಿಲ್ಲ. ಕೊನೆಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 33ನೇ ಕಲಂ ಈ ಜಗಳಕ್ಕೆ ಒಂದು ದಾರಿ ಮಾಡಿತು. ಮೈನರ್‌ಗೆ ನಿಜವಾಗಿ ಎಷ್ಟು ಲಾಭ ಸಿಕ್ಕಿದೆಯೋ ಅಷ್ಟರ ಮಟ್ಟಿಗೆ ವಾಪಸ್ ಕೊಡು ಅಂತ ಕೋರ್ಟು ಹೇಳಬಹುದು. ಹೇಳಲೇಬೇಕು ಅಂತಿಲ್ಲ, ಅದು ಕೋರ್ಟಿನ ವಿವೇಚನೆ. ನನಗೆ ಇದು ನ್ಯಾಯವಾದ ದಾರಿ ಅನ್ನಿಸುತ್ತದೆ. ಹುಡುಗನನ್ನು ನಂಬಿ ಸಾಮಾನು ಕೊಟ್ಟ ಸಣ್ಣ ಅಂಗಡಿಯವನೂ ಪೂರ್ತಿ ಮುಳುಗಬಾರದು, ಅಲ್ವಾ?

ಇನ್ನೊಂದು ಮುಖ ಜಾಸ್ತಿ ಜನರಿಗೆ ಗೊತ್ತಿಲ್ಲ. ಮೈನರ್ ಹೊಣೆ ಹೊರುವ ಹಾಗಿಲ್ಲ, ಆದರೆ ಲಾಭ ಪಡೆಯಬಹುದು. ಮೈನರ್ ದುಡ್ಡು ಕೊಟ್ಟು ತನ್ನ ಹೆಸರಿಗೆ ಅಡಮಾನ ಬರೆಸಿಕೊಂಡಿದ್ದರೆ ಅದು ಜಾರಿಯಾಗುತ್ತದೆ. 1916ರಲ್ಲಿ ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ ಇದನ್ನು ಹೇಳಿದೆ. ಮಗುವಿನ ಹೆಸರಿಗೆ ಸೈಟು ಕೊಳ್ಳಬಹುದು, ದಾನಪತ್ರ ಮಾಡಬಹುದು. 1932ರ ಪಾಲುದಾರಿಕೆ ಕಾಯ್ದೆಯ 30ನೇ ಕಲಂ ಪ್ರಕಾರ ಎಲ್ಲ ಪಾಲುದಾರರೂ ಒಪ್ಪಿದರೆ ಮೈನರ್‌ಗೆ ಲಾಭದಲ್ಲಿ ಪಾಲು ಕೊಡಬಹುದು. ಮೇಜರ್ ಆದ ಮೇಲೆ ಪಾಲುದಾರನಾಗಿ ಇರುತ್ತೀನೋ ಇಲ್ಲವೋ ಅಂತ ತಿಳಿಸಲು ಅವನಿಗೆ ಆರು ತಿಂಗಳು ಇರುತ್ತದೆ. ಬ್ಯಾಂಕ್ ಖಾತೆಯೂ ಹಾಗೆಯೇ. 10 ವರ್ಷ ತುಂಬಿದ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ತೆರೆದು ನಡೆಸಲು ಬಿಡಬಹುದು ಅಂತ 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ಮಿತಿ ಎಷ್ಟು ಅನ್ನೋದು ಆಯಾ ಬ್ಯಾಂಕಿಗೆ ಬಿಟ್ಟಿದ್ದು. ಆದರೆ ಆ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬಿಡುವ ಹಾಗಿಲ್ಲ. ಬಿಟ್ಟರೆ ಅದು ಸಾಲವಾಗುತ್ತದೆ, ಮೈನರ್ ಮೇಲೆ ಸಾಲ ನಿಲ್ಲುವುದಿಲ್ಲ.

ಊಟ, ಬಟ್ಟೆ, ಓದು, ಔಷಧಿ ಇಂಥ ಅಗತ್ಯಗಳಿಗೆ ಕರಾರು ಕಾಯ್ದೆಯ 68ನೇ ಕಲಂ ಬೇರೆ ವ್ಯವಸ್ಥೆ ಮಾಡಿದೆ. ಕರಾರು ಮಾಡಲಾಗದವರಿಗೆ, ಅವರ ಸ್ಥಿತಿಗತಿಗೆ ತಕ್ಕ ಅಗತ್ಯ ವಸ್ತು ಒದಗಿಸಿದವರು ಅವರ ಆಸ್ತಿಯಿಂದ ದುಡ್ಡು ಪಡೆಯಬಹುದು. ಆಸ್ತಿ ಇಲ್ಲದಿದ್ದರೆ ಇಲ್ಲ. ಅವರ ಮೈಮೇಲೆ ಹೊಣೆ ಬರುವುದಿಲ್ಲ. ಓದಲು ಬಂದ ಮೈನರ್‌ಗೆ ಬಾಡಿಗೆ ಕೊಟ್ಟ ಮನೆಯೂ ಅಗತ್ಯವೇ ಅಂತ 1963ರ ಮಧ್ಯಪ್ರದೇಶ ಹೈಕೋರ್ಟಿನ ತೀರ್ಪಿದೆ. ಬೆಂಗಳೂರಿನಲ್ಲಿ ಪಿಯು ಓದುವ ಮಕ್ಕಳಿಗೆ ರೂಮು ಕೊಡುವವರಿಗೆ ಇದು ಗೊತ್ತಿರಲಿ. ಯಾವುದು ಅಗತ್ಯ ಅಲ್ಲ ಅನ್ನೋದಕ್ಕೆ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಉದಾಹರಣೆ 1908ರ ಇಂಗ್ಲೆಂಡಿನದು. ಕೇಂಬ್ರಿಡ್ಜ್‌ನ ಒಬ್ಬ ಮೈನರ್ ವಿದ್ಯಾರ್ಥಿ ದರ್ಜಿಯಿಂದ ಬೇರೆ ಬಟ್ಟೆಗಳ ಜೊತೆ 11 ಅಲಂಕಾರದ ವೇಸ್ಟ್‌ಕೋಟ್ ಕೊಂಡಿದ್ದ. ಅವನ ಹತ್ತಿರ ಆಗಲೇ ಬೇಕಾದಷ್ಟು ಬಟ್ಟೆ ಇತ್ತು. ದರ್ಜಿಗೆ ದುಡ್ಡು ಸಿಗಲಿಲ್ಲ.

ನಟಿಸುವ ಮಕ್ಕಳ ವಿಷಯ ಸ್ವಲ್ಪ ನೋಯಿಸುತ್ತದೆ. 1940ರ ದಶಕದಲ್ಲಿ ರಾಜ್ ರಾಣಿ ಅನ್ನುವ ಮೈನರ್ ನಟಿಯ ಪರವಾಗಿ ತಂದೆ ಒಬ್ಬ ಚಿತ್ರ ನಿರ್ಮಾಪಕರ ಜೊತೆ ಕರಾರು ಮಾಡಿದ್ದರು. ನಿರ್ಮಾಪಕರು ಕೈಬಿಟ್ಟಾಗ ಅವಳು ದಾವೆ ಹೂಡಿದಳು. ಮೈನರ್ ಕೊಟ್ಟ ಮಾತಿಗೆ ಕಾನೂನಿನ ಬೆಲೆ ಇಲ್ಲ, ಆದ್ದರಿಂದ ಅದಕ್ಕೆ ಬದಲಾಗಿ ನಿರ್ಮಾಪಕ ಕೊಟ್ಟ ಮಾತೂ ನಿಲ್ಲುವುದಿಲ್ಲ ಅಂತ ಬಾಂಬೆ ಹೈಕೋರ್ಟು ಹೇಳಿತು. ಕಾಪಾಡಲು ಮಾಡಿದ ನಿಯಮವೇ ಅವಳ ಕೈ ಕಟ್ಟಿತು. ಈಗಿನ ಬಾಲ ಕಲಾವಿದರಿಗೆ ಬೇರೆ ರಕ್ಷಣೆ ಇದೆ. 2017ರ ಬಾಲಕಾರ್ಮಿಕ ನಿಯಮಗಳ ಪ್ರಕಾರ ಮಗುವಿನ ಗಳಿಕೆಯ ಕನಿಷ್ಠ ಶೇಕಡಾ 20ರಷ್ಟನ್ನು ಮಗುವಿನ ಹೆಸರಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವ ಹಾಗಿಲ್ಲ. ಮಗುವನ್ನು ರಿಯಾಲಿಟಿ ಶೋಗೆ ಕಳಿಸುವ ಅಪ್ಪ ಅಮ್ಮ ಈ ಎರಡನ್ನು ಕೇಳಿಯೇ ಸಹಿ ಹಾಕಬೇಕು.

ಈಗ ಸೈಟಿಗೆ ಬರೋಣ. ಹಿಂದೂ ಕುಟುಂಬಗಳಿಗೆ 1956ರ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ ಅನ್ವಯಿಸುತ್ತದೆ. ಅದರ 8ನೇ ಕಲಂ ಪ್ರಕಾರ ಮೈನರ್‌ನ ಸ್ಥಿರಾಸ್ತಿಯನ್ನು ತಂದೆಯೇ ಆಗಲಿ ತಾಯಿಯೇ ಆಗಲಿ, ಕೋರ್ಟಿನ ಅನುಮತಿ ಮೊದಲೇ ಪಡೆಯದೆ ಮಾರುವ, ಅಡಮಾನ ಇಡುವ, ದಾನ ಕೊಡುವ ಹಾಗಿಲ್ಲ. ಐದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಗೂ ಅನುಮತಿ ಬೇಕು. ಮಗುವಿಗೆ ಅಗತ್ಯ ಅಥವಾ ಸ್ಪಷ್ಟ ಲಾಭ ಇದೆ ಅಂತ ತೋರಿಸಿದರೆ ಮಾತ್ರ ಕೋರ್ಟು ಒಪ್ಪುತ್ತದೆ. ಕ್ರಯಪತ್ರದಲ್ಲಿ ಮಗುವಿನ ಹೆಸರು ಬಂದ ದಿನವೇ ಆ ಸೈಟು ಮಗುವಿನದು. ಅಪ್ಪ ಅದನ್ನು ನೋಡಿಕೊಳ್ಳುವವನು ಮಾತ್ರ. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗುವಿಗಿರುವ ಪಾಲು ಈ ಕಲಮಿಗೆ ಬರುವುದಿಲ್ಲ. ಅದನ್ನು ಕುಟುಂಬದ ಯಜಮಾನ ಕುಟುಂಬದ ನಿಜವಾದ ಅಗತ್ಯಕ್ಕೆ ಮಾರಬಹುದು. ಈ ವ್ಯತ್ಯಾಸ ತಿಳಿಯದೆ ಹಳ್ಳಿಗಳಲ್ಲಿ ಎಷ್ಟೋ ಗೊಂದಲ ಆಗುತ್ತದೆ. ಬೇರೆ ಧರ್ಮದವರಿಗೆ ಅವರ ವೈಯಕ್ತಿಕ ಕಾನೂನು ಮತ್ತು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಇವೆ.

ಅನುಮತಿ ಇಲ್ಲದೆ ಮಾರಿಬಿಟ್ಟರೆ ಏನಾಗುತ್ತದೆ? ಇಲ್ಲಿ ಕಾನೂನು ಬೇರೆ ಹಾದಿ ಹಿಡಿಯುತ್ತದೆ. ಆ ಮಾರಾಟ ತಾನಾಗಿಯೇ ಬಿದ್ದುಹೋಗುವುದಿಲ್ಲ. ಮಗು ಬೆಳೆದು ಬೇಡ ಅಂದರೆ ಬೀಳುತ್ತದೆ. ಹಾಗೆ ಹೇಳಲು 18 ತುಂಬಿದ ಮೇಲೆ ಮೂರು ವರ್ಷ ಇರುತ್ತದೆ.

ನಮ್ಮ ದಾವಣಗೆರೆಯ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು 2025ರ ಅಕ್ಟೋಬರ್‌ನಲ್ಲಿ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು. ಶಾಮನೂರಿನಲ್ಲಿ ಒಬ್ಬ ತಂದೆ 1971ರಲ್ಲಿ ಮೂವರು ಮೈನರ್ ಗಂಡುಮಕ್ಕಳ ಹೆಸರಿಗೆ ಎರಡು ಸೈಟು ಕೊಂಡಿದ್ದರು. ಆಮೇಲೆ ಕೋರ್ಟಿನ ಅನುಮತಿ ಇಲ್ಲದೆ ಮಾರಿದರು. ಮಕ್ಕಳು ದೊಡ್ಡವರಾದ ಮೇಲೆ ಅದೇ ಸೈಟುಗಳನ್ನು ಬೇರೊಬ್ಬರಿಗೆ ಮಾರಿದರು. ಒಂದೇ ಸೈಟಿಗೆ ಇಬ್ಬರು ಖರೀದಿದಾರರು. ತಂದೆಯ ಮಾರಾಟವನ್ನು ರದ್ದು ಮಾಡಿಸಲು ಮಕ್ಕಳು ದಾವೆಯನ್ನೇ ಹೂಡಬೇಕಿತ್ತಾ ಅನ್ನೋದು ಪ್ರಶ್ನೆ. ಹಾಗೇನೂ ಇಲ್ಲ, ಕಾಲಮಿತಿಯೊಳಗೆ ಆಸ್ತಿಯನ್ನು ತಾವೇ ಬೇರೆಯವರಿಗೆ ಮಾರಿದರೆ ಹಳೆಯ ಮಾರಾಟವನ್ನು ತಳ್ಳಿಹಾಕಿದಂತೆಯೇ ಆಯಿತು ಅಂತ ಕೋರ್ಟು ಹೇಳಿತು. ಸೈಟು ಕೊಳ್ಳುವವರಿಗೆ ಇದರಿಂದ ಸಿಗುವ ಎಚ್ಚರಿಕೆ ದೊಡ್ಡದು. ಹಳೆಯ ಕ್ರಯಪತ್ರಗಳಲ್ಲಿ ಎಲ್ಲಾದರೂ 'ಮೈನರ್' ಅಂತ ಕಂಡರೆ ಕೋರ್ಟಿನ ಅನುಮತಿಯ ಆದೇಶ ಕೇಳಿ ನೋಡಬೇಕು. ಇಲ್ಲದಿದ್ದರೆ ಆ ಮಗುವಿಗೆ ಈಗ ಎಷ್ಟು ವಯಸ್ಸು, ಮೇಜರ್ ಆದ ಮೇಲೆ ಅವರು ಏನು ಮಾಡಿದ್ದಾರೆ ಅಂತ ವಿಚಾರಿಸಬೇಕು.

ಮೈನರ್ ಕಥೆಯಲ್ಲಿ ಗೆರೆ ಸ್ಪಷ್ಟ. ದೊಡ್ಡವರ ಮನಸ್ಸಿನ ವಿಷಯದಲ್ಲಿ ಅಂಥ ಗೆರೆ ಇಲ್ಲ, ಇರಲೂಬಾರದು. ಕರಾರು ಕಾಯ್ದೆಯ 12ನೇ ಕಲಂ ಕೇಳುವುದು ಇಷ್ಟೇ: ಕರಾರು ಮಾಡುವ ಹೊತ್ತಿನಲ್ಲಿ ಆ ವ್ಯಕ್ತಿಗೆ ಅದು ಅರ್ಥವಾಗುತ್ತಿತ್ತಾ, ಅದರಿಂದ ತನಗೆ ಏನಾಗುತ್ತದೆ ಅಂತ ಯೋಚಿಸಿ ತೀರ್ಮಾನಿಸಲು ಆಗುತ್ತಿತ್ತಾ? ಮಾನಸಿಕ ಆಸ್ಪತ್ರೆಯಲ್ಲಿರುವವರೂ ಮನಸ್ಸು ತಿಳಿಯಾಗಿರುವ ಹೊತ್ತಿನಲ್ಲಿ ಕರಾರು ಮಾಡಬಹುದು ಅಂತ ಕಾಯ್ದೆಯೇ ಉದಾಹರಣೆ ಕೊಡುತ್ತದೆ. ಆರೋಗ್ಯವಾಗಿರುವ ಮನುಷ್ಯ ಜ್ವರದಲ್ಲಿ ಕನವರಿಸುವಾಗ, ಇಲ್ಲವೇ ಶರತ್ತುಗಳು ತಿಳಿಯದಷ್ಟು ಕುಡಿದಿರುವಾಗ ಮಾಡಿದ ಕರಾರು ನಿಲ್ಲುವುದಿಲ್ಲ ಅಂತಲೂ ಹೇಳುತ್ತದೆ. 1872ರಲ್ಲಿ ಬರೆದ ಈ ಮಾತು ನನಗೆ ಇವತ್ತಿಗೂ ಮಾನವೀಯವಾಗಿ ಕಾಣುತ್ತದೆ. ಅದು ಕಾಯಿಲೆಯ ಹೆಸರು ನೋಡಿ ಮನುಷ್ಯನನ್ನು ಬದಿಗೆ ಸರಿಸುವುದಿಲ್ಲ.

ಸಾಬೀತು ಮಾಡುವ ಭಾರ ಯಾರ ಮೇಲೆ? ಸಾಮಾನ್ಯವಾಗಿ ಎಲ್ಲರ ಬುದ್ಧಿಯೂ ಸ್ವಾಧೀನದಲ್ಲಿದೆ ಅಂತಲೇ ಕೋರ್ಟು ಶುರು ಮಾಡುತ್ತದೆ. ಇರಲಿಲ್ಲ ಅನ್ನುವವರು ತೋರಿಸಬೇಕು. ಆದರೆ ಹೆಚ್ಚಿನ ಕಾಲ ಸ್ವಾಧೀನದಲ್ಲಿ ಇರದವರ ಸಹಿ ಆಗಿದ್ದರೆ, ಆ ಹೊತ್ತಿನಲ್ಲಿ ಸರಿಯಾಗಿದ್ದರು ಅಂತ ಸಹಿ ಹಾಕಿಸಿಕೊಂಡವರೇ ತೋರಿಸಬೇಕು. 1957ರಲ್ಲಿ ಪಟ್ನಾ ಹೈಕೋರ್ಟಿನ ಮುಂದೆ ಬಂದ ಕೇಸಿನಲ್ಲಿ ಸುಮಾರು 25,000 ರೂಪಾಯಿಯ ಆಸ್ತಿಯನ್ನು 7,000ಕ್ಕೆ ಮಾರುವ ಕರಾರಾಗಿತ್ತು. ಮಗನಿಗೆ ಹುಟ್ಟಿನಿಂದಲೇ ಬುದ್ಧಿ ಬೆಳೆದಿಲ್ಲ ಅಂತ ತಾಯಿ ಸಾಕ್ಷಿ ಹೇಳಿದರು. ಕರಾರು ಅನೂರ್ಜಿತವಾಯಿತು.

ಇತ್ತೀಚಿನ ಕಾನೂನುಗಳು ಇನ್ನೂ ಮುಂದೆ ಹೋಗಿವೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 13ನೇ ಕಲಂ, ಅಂಗವಿಕಲರಿಗೂ ಬೇರೆಯವರಷ್ಟೇ ಕಾನೂನು ಅರ್ಹತೆ ಇದೆ, ಆಸ್ತಿ ಇಟ್ಟುಕೊಳ್ಳುವ, ಹಣಕಾಸು ನೋಡಿಕೊಳ್ಳುವ ಹಕ್ಕಿದೆ ಅನ್ನುತ್ತದೆ. ಮಾನಸಿಕ ಕಾಯಿಲೆ ಇದೆ ಅಂದಮಾತ್ರಕ್ಕೆ ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ಅರ್ಥವಲ್ಲ, ಅದನ್ನು ಕೋರ್ಟು ಹೇಳಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಕಣ್ಣು ಕಾಣದಿರುವುದು, ಕಿವಿ ಕೇಳದಿರುವುದು, ಕೈ ನಡುಗಿ ಸಹಿ ಬಾರದಿರುವುದು ಇವು ಯಾವುವೂ ಕರಾರಿಗೆ ಅಡ್ಡಿಯಲ್ಲ. ಹೆಬ್ಬೆಟ್ಟು ಮತ್ತು ಸಾಕ್ಷಿಗಳಿದ್ದರೆ ಸಾಕು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ ಅನ್ನುವ ಕಾರಣಕ್ಕೆ ಒಬ್ಬರನ್ನು ಆಸ್ತಿಯ ಮಾತುಕತೆಯಿಂದ ಹೊರಗಿಡುವ ಮನೆಯವರು ಇದನ್ನು ತಿಳಿಯಬೇಕು.

ಹಾಗಾದರೆ ನಿಜವಾಗಿಯೂ ಅರ್ಥ ಮಾಡಿಕೊಳ್ಳಲು ಆಗದವರ ಪರವಾಗಿ ಯಾರು ಸಹಿ ಹಾಕಬೇಕು? ಜಿಪಿಎ ಕೆಲಸಕ್ಕೆ ಬಾರದು. ಅಧಿಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಏಜೆನ್ಸಿ, ಅಂದರೆ ಅವರ ಪರವಾಗಿ ನಡೆಯುವ ಅಧಿಕಾರ, ಮುಗಿಯುತ್ತದೆ ಅಂತ ಕರಾರು ಕಾಯ್ದೆಯ 201ನೇ ಕಲಂ ಹೇಳುತ್ತದೆ. ಅಪ್ಪನ ಮರೆವು ತೀರಾ ಹೆಚ್ಚಾಗಿ ವ್ಯವಹಾರವೇ ತಿಳಿಯದ ಸ್ಥಿತಿಗೆ ಬಂದಾಗ, ಮಕ್ಕಳಿಗೆ ಆ ಕಾಗದ ಅತಿ ಜಾಸ್ತಿ ಬೇಕಾದಾಗಲೇ ಅದು ಸತ್ತಿರುತ್ತದೆ. ಅರ್ಹತೆ ಹೋದ ಮೇಲೂ ಉಳಿಯುವ ಅಧಿಕಾರಪತ್ರ ಇಂಗ್ಲೆಂಡಿನಂಥ ದೇಶಗಳಲ್ಲಿ ಇದೆ, ನಮ್ಮ ಕಾಯ್ದೆಯಲ್ಲಿ ಇಲ್ಲ. ಇದು ತುರ್ತಾಗಿ ಮುಚ್ಚಬೇಕಾದ ಕೊರತೆ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ ಗಾರ್ಡಿಯನ್ ನೇಮಿಸುತ್ತದೆ. ಇದಕ್ಕೆ ಕೋರ್ಟಿಗೆ ಹೋಗಬೇಕಿಲ್ಲ. ಮಗುವಿಗೆ 18 ತುಂಬಿದ ಮೇಲೂ ತಾವೇ ಗಾರ್ಡಿಯನ್ ಅಂತ ಅಪ್ಪ ಅಮ್ಮ ಅಂದುಕೊಂಡಿರುತ್ತಾರೆ, ಹಾಗಿಲ್ಲ. 18 ಆದ ಕೂಡಲೇ ಅರ್ಜಿ ಹಾಕಬೇಕು. ಗಾರ್ಡಿಯನ್ ಆದವರು ಆರು ತಿಂಗಳಲ್ಲಿ ಆಸ್ತಿಯ ಪಟ್ಟಿ ಕೊಡಬೇಕು, ವರ್ಷವರ್ಷ ಲೆಕ್ಕ ಒಪ್ಪಿಸಬೇಕು. ಮರೆವಿನ ಕಾಯಿಲೆ ಅಥವಾ ಕೋಮಾ ಈ ಕಾಯ್ದೆಗೆ ಬರುವುದಿಲ್ಲ. ಅವರ ಮನೆಯವರು ಹೈಕೋರ್ಟಿಗೆ ರಿಟ್ ಅರ್ಜಿ ಹಾಕುತ್ತಾರೆ. 2019ರಲ್ಲಿ ಕೇರಳ ಹೈಕೋರ್ಟು ಕೋಮಾದಲ್ಲಿರುವವರಿಗಾಗಿ ಮಾರ್ಗಸೂಚಿ ಕೊಟ್ಟಿತು. ವೈದ್ಯಕೀಯ ಮಂಡಳಿ ರೋಗಿಯನ್ನು ಪರೀಕ್ಷಿಸಬೇಕು, ಕಂದಾಯ ಅಧಿಕಾರಿ ಮನೆಗೆ ಬಂದು ವಿಚಾರಿಸಬೇಕು, ಗಾರ್ಡಿಯನ್ ಆದವರು ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು.

ಮರೆವು ಶುರುವಾಗಿದೆ ಅಂತ ಗೊತ್ತಾದ ಮನೆಯಲ್ಲಿ ಇನ್ನೂ ಸಮಯ ಇರುತ್ತದೆ. ಅಪ್ಪನಿಗೆ ಅರ್ಥವಾಗುತ್ತಿರುವಾಗಲೇ ಅವರ ಇಷ್ಟದಂತೆ ಉಯಿಲು ಬರೆಸಬಹುದು, ಬ್ಯಾಂಕ್ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸುವಂತೆ ಜಂಟಿ ಮಾಡಬಹುದು. ಅದೇ ದಿನ ಅವರನ್ನು ನೋಡಿದ ಮನೋವೈದ್ಯರ ಚೀಟಿ ಜೊತೆಗಿದ್ದರೆ ಮುಂದೆ ಯಾರಾದರೂ ಪ್ರಶ್ನೆ ಮಾಡಿದಾಗ ಬಲ ಬರುತ್ತದೆ.

ಅಷ್ಟರಲ್ಲಿ ಯಾರೋ ಹತ್ತಿರದವರು ಅವರಿಂದ ಏನೋ ಬರೆಸಿಕೊಂಡುಬಿಟ್ಟಿದ್ದರೆ ಎರಡು ದಾರಿ ಇವೆ. ಅರ್ಥವೇ ಆಗಿರಲಿಲ್ಲ ಅಂದರೆ ಪತ್ರ ಅನೂರ್ಜಿತ. ಅರ್ಥವಾಗಿತ್ತು, ಆದರೆ ವಯಸ್ಸು ಅಥವಾ ಕಾಯಿಲೆಯಿಂದ ಕುಗ್ಗಿದ್ದಾಗ ಒತ್ತಾಯಕ್ಕೆ ಮಣಿದಿದ್ದರು ಅಂದರೆ ಕರಾರು ಕಾಯ್ದೆಯ 16ನೇ ಕಲಂ ಪ್ರಕಾರ ಅದು ಅನುಚಿತ ಪ್ರಭಾವ, ರದ್ದು ಮಾಡಿಸಬಹುದು. ದಾವೆ ನಡೆಸುವ ಶಕ್ತಿ ಅವರಿಗೇ ಇಲ್ಲದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ ಪ್ರಕಾರ, ಅವರ ಹಿತಕ್ಕೆ ವಿರುದ್ಧವಾದ ಹಿತ ಇರದ ಯಾರಾದರೂ ಮೇಜರ್ ವ್ಯಕ್ತಿ ಅವರ ಪರವಾಗಿ, ಅವರ ಹೆಸರಿನಲ್ಲೇ ಕೋರ್ಟಿಗೆ ಹೋಗಬಹುದು.